ಪಹಣಿಯ ಹಿಂದೆ ಹೋಗುವ ಹಣ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾರನ್ನಾದರೂ ನಿಲ್ಲಿಸಿ ‘ಸರ್ಕಾರ ರೈತರಿಗೆ ಏನು ಕೊಡುತ್ತೆ’ ಎಂದು ಕೇಳಿ. ‘ಕಿಸಾನ್ ದುಡ್ಡು ಬರುತ್ತೆ, ವರ್ಷಕ್ಕೆ ಆರು ಸಾವಿರ’ ಎಂಬುದೇ ಮೊದಲ ಉತ್ತರ. ಇನ್ನಷ್ಟು ಕೆದಕಿದರೆ ಬರ ಪರಿಹಾರ, ಬೆಳೆ ವಿಮೆ, ರಾಗಿ ಖರೀದಿ ಕೇಂದ್ರದ ಮುಂದಿನ ಸಾಲು ಒಂದೊಂದಾಗಿ ಹೊರಬರುತ್ತವೆ. ಬೋರ್‌ವೆಲ್ ಕರೆಂಟಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬಿಲ್ಲೇ ಕಟ್ಟದ ಮೇಲೆ ಅದನ್ನು ಸಹಾಯಧನವೆಂದು ಲೆಕ್ಕಕ್ಕೆ ಹಿಡಿಯುವವರು ಯಾರು? ಆದರೆ ದೊಡ್ಡ ಮೊತ್ತ ಇರುವುದು ಅಲ್ಲೇ. ಕೈಗೆ ಬಂದು ಕಣ್ಣಿಗೆ ಕಾಣುವ ಹಣ ಚಿಕ್ಕದು, ಕಾಣದೆ ಹರಿಯುವ ಹಣ ದೊಡ್ಡದು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಯಾರಿಗೆ ಎಷ್ಟು ಮುಟ್ಟುತ್ತಿದೆ ಎಂಬ ಚಿತ್ರ ನಾವಂದುಕೊಂಡದ್ದಕ್ಕಿಂತ ಬೇರೆಯೇ ಆಗಿರುತ್ತದೆ.

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಾಫಿ, ಮಂಜು, ಮುಳ್ಳಯ್ಯನಗಿರಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಇದಕ್ಕೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಹೆಸರು ಬದಲಾದದ್ದು 1947ರಲ್ಲಿ. ಹೆಸರಿನ ಜತೆ ಜಿಲ್ಲೆಯ ಬಯಲು ಭಾಗವೂ ಜನರ ಗಮನದಿಂದ ಸರಿದುಹೋಯಿತು ಎನಿಸುತ್ತದೆ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿದರೆ ಕಡೂರಿನ ಬಯಲಿಗೆ ಬೀಳುವುದು ಆರುನೂರರ ಆಸುಪಾಸು. ಅದೂ ಹದ ನೋಡಿ ಬರುವ ಮಳೆಯಲ್ಲ. ಯಗಟಿ, ಸಿಂಗಟಗೆರೆ, ಪಂಚನಹಳ್ಳಿ ಕಡೆಯ ಹೊಲಗಳಲ್ಲಿ ರಾಗಿ, ಹುರುಳಿ, ತೆಂಗು. ಅಜ್ಜಂಪುರ, ಶಿವನಿ ಕಡೆ ಈರುಳ್ಳಿ. ತರೀಕೆರೆಯ ಅರ್ಧ ಮೈ ಮಲೆನಾಡಿನದು. ಭದ್ರಾ ಅಣೆಕಟ್ಟೆ ಇರುವ ಲಕ್ಕವಳ್ಳಿಯೂ ಆ ತಾಲ್ಲೂಕಿನದೇ. ಆ ಅಣೆಕಟ್ಟೆಯ ನೀರಿನಲ್ಲಿ ಹೆಚ್ಚಿನ ಪಾಲು ಹರಿಯುವುದು ಮಾತ್ರ ಶಿವಮೊಗ್ಗ, ದಾವಣಗೆರೆಯ ಗದ್ದೆ ತೋಟಗಳಿಗೆ. ಅಜ್ಜಂಪುರ ಇತ್ತೀಚಿನವರೆಗೂ ತರೀಕೆರೆಯ ಒಂದು ಹೋಬಳಿಯಾಗಿತ್ತು. ಈಗ ಪ್ರತ್ಯೇಕ ತಾಲ್ಲೂಕು.

ಬರ ಇಲ್ಲಿಗೆ ಹೊಸದಲ್ಲ, ಸರ್ಕಾರದ ನೆರವೂ ಹೊಸದಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆ ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತು. ಆ ಕಾಲದಲ್ಲಿ ಸರ್ಕಾರ ರೈತನಿಗೆ ಕೊಡುತ್ತಿದ್ದದ್ದು ಮುಖ್ಯವಾಗಿ ಎರಡು: ಕಂದಾಯದ ಮಾಫಿ, ಬಾವಿ ತೋಡಲೋ ಎತ್ತು ಕೊಳ್ಳಲೋ ತಕಾವಿ ಸಾಲ. ಎರಡೂ ಭೂಮಿಯ ದಾಖಲೆಯನ್ನು ಆಧರಿಸಿದ್ದವು. ಕಂದಾಯ ಕಟ್ಟುವವನಿಗೇ ಮಾಫಿ, ಪಟ್ಟೆ ಇದ್ದವನಿಗೇ ತಕಾವಿ. ನೂರೈವತ್ತು ವರ್ಷಗಳಲ್ಲಿ ಯೋಜನೆಗಳ ಹೆಸರುಗಳು ಬದಲಾಗಿವೆ, ಹಣ ಕೈಯಿಂದ ಬ್ಯಾಂಕ್ ಖಾತೆಗೆ ಬಂದಿದೆ. ದಾಖಲೆಯ ಹಿಡಿತ ಮಾತ್ರ ಸಡಿಲಾಗಿಲ್ಲ, ಇನ್ನೂ ಬಿಗಿಯಾಗಿದೆ.

ಆರು ಸಾವಿರದಿಂದಲೇ ಶುರು ಮಾಡೋಣ. ಪಿಎಂ-ಕಿಸಾನ್ ಘೋಷಣೆಯಾದದ್ದು 2019ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ, 2018ರ ಡಿಸೆಂಬರ್‌ನಿಂದ ಪೂರ್ವಾನ್ವಯವಾಗಿ. ಮೊದಲು ಎರಡು ಹೆಕ್ಟೇರ್ ಒಳಗಿನವರಿಗೆ ಮಾತ್ರ ಇತ್ತು. ಚುನಾವಣೆ ಮುಗಿದ ಮೇಲೆ ಎಲ್ಲ ಹಿಡುವಳಿದಾರರಿಗೂ ಆಯಿತು. ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು, ತಿಂಗಳಿಗೆ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವವರು ಇದರಿಂದ ಹೊರಗೆ. ಯಡಿಯೂರಪ್ಪ ಸರ್ಕಾರ 2019ರಲ್ಲಿ ಇದಕ್ಕೆ ರಾಜ್ಯದ ಪಾಲಾಗಿ ಇನ್ನೂ ನಾಲ್ಕು ಸಾವಿರ ಸೇರಿಸಿತು, 2023ರಲ್ಲಿ ಬಂದ ಸಿದ್ದರಾಮಯ್ಯ ಸರ್ಕಾರ ಅದನ್ನು ನಿಲ್ಲಿಸಿತು. ಉಳಿದ ಆರು ಸಾವಿರ ಇಂದಿಗೂ ಅದೇ ಆರು ಸಾವಿರ. ರಾಗಿಯ ಲೆಕ್ಕದಲ್ಲಿ ಅಳೆದರೆ ಇದರ ಬೆಲೆ ತಿಳಿಯುತ್ತದೆ. 2018-19ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 2,897 ರೂಪಾಯಿ. ಆಗ ಆರು ಸಾವಿರ ಎಂದರೆ ಎರಡು ಕ್ವಿಂಟಲ್ ರಾಗಿ ಕೊಟ್ಟಷ್ಟು. 2025-26ರಲ್ಲಿ ಬೆಂಬಲ ಬೆಲೆ 4,886 ರೂಪಾಯಿ. ಈಗ ಅದೇ ಹಣಕ್ಕೆ ಒಂದೂಕಾಲು ಕ್ವಿಂಟಲೂ ತುಂಬದು. ಯಾವ ಆದೇಶವೂ ಇಲ್ಲದೆ ಈ ಸಹಾಯಧನ ಮುಕ್ಕಾಲು ಕ್ವಿಂಟಲಿಗೂ ಹೆಚ್ಚು ಕರಗಿದೆ.

ಹಾಗೆಂದು ಈ ಹಣವನ್ನು ಹೀಗಳೆಯುವಂತಿಲ್ಲ. ಮುಂಗಾರಿಗೆ ಮುಂಚೆ ಬಂದ ಎರಡು ಸಾವಿರದಲ್ಲಿ ಒಂದು ಚೀಲ ಡಿಎಪಿ ಕೊಂಡು ಇನ್ನೂ ಬಿತ್ತನೆ ಬೀಜಕ್ಕೆ ಕಾಸು ಉಳಿಯುತ್ತದೆ. ಒಂದು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಒಂದೇ ಮೊತ್ತ ಎಂಬುದೂ ಬಡವನ ಪರವಾದ ಗುಣವೇ. ತೆಲಂಗಾಣದ ರೈತ ಬಂಧು ಯೋಜನೆಯಲ್ಲಿ 2018ರಿಂದ ಎಕರೆ ಲೆಕ್ಕದಲ್ಲಿ, ಮಿತಿಯೇ ಇಲ್ಲದೆ ಹಣ ಕೊಟ್ಟಾಗ ದೊಡ್ಡ ಜಮೀನುದಾರರ ಖಾತೆಗೆ ಲಕ್ಷಗಳು ಹೋದವು. ಆ ದೃಷ್ಟಿಯಿಂದ ನಮ್ಮ ಆರು ಸಾವಿರ ಮೇಲು.

ತೊಡಕು ಇರುವುದು ಪಟ್ಟಿ ಸೇರುವುದರಲ್ಲಿ. ಅಮೆರಿಕದಲ್ಲಿ 2007ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕ ಪರಿಶೋಧಕರು ಒಂದು ವರದಿ ಕೊಟ್ಟರು. 1999ರಿಂದ 2005ರ ನಡುವೆ ಕೃಷಿ ಇಲಾಖೆಯು ತೀರಿಕೊಂಡ ರೈತರ ಹೆಸರಿಗೆ ನೂರು ಕೋಟಿ ಡಾಲರಿಗೂ ಮೀರಿ ಹಣ ಕಳಿಸಿತ್ತಂತೆ. ಅಲ್ಲಿ ಸತ್ತವರಿಗೆ ಹಣ ಹೋಯಿತು. ನಮ್ಮಲ್ಲಿ ಸತ್ತವರ ದೆಸೆಯಿಂದ ಬದುಕಿರುವವರಿಗೆ ಬರುತ್ತಿಲ್ಲ. ಪಹಣಿಯ 9ನೇ ಕಲಮಿನಲ್ಲಿ ಇನ್ನೂ ತಾತನ ಹೆಸರು. ಕೆಳಗೆ ನಾಲ್ಕು ಮಕ್ಕಳು, ಹತ್ತು ಮೊಮ್ಮಕ್ಕಳು, ಬಾಯಿಮಾತಿನ ಪಾಲು. ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗದೆ, ಪಾಲು ಅಳೆದು ಪೋಡಿಯಾಗದೆ ಉಳಿದ ಇಂಥ ಜಮೀನು ಊರೂರಲ್ಲೂ ಇದೆ. ವಂಶವೃಕ್ಷ ಬೇಕು, ಮರಣ ಪತ್ರ ಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಒಪ್ಪಿಗೆ ಬೇಕು. ಒಬ್ಬ ಅಣ್ಣ ಮುನಿಸಿಕೊಂಡರೆ ಮುಗಿಯಿತು, ಅರ್ಜಿ ನಿಂತ ಹಾಗೆ.

ಕರ್ನಾಟಕ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲೇ ‘ಭೂಮಿ’ ತಂತ್ರಾಂಶದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೆ ಮಾದರಿಯಾಯಿತು. ಅದರ ಮೇಲೆ ‘ಫ್ರೂಟ್ಸ್’ ಬಂತು. ಪ್ರತಿ ರೈತನಿಗೂ ಒಂದು ಎಫ್‌ಐಡಿ ಸಂಖ್ಯೆ. ಈಗ ಬರ ಪರಿಹಾರ, ರಾಗಿ ಖರೀದಿಯಿಂದ ಹಿಡಿದು ಟಾರ್ಪಾಲಿನವರೆಗೆ ಎಲ್ಲದಕ್ಕೂ ಇದೇ ಕೀಲಿಕೈ. ಮಧ್ಯವರ್ತಿಯ ಕೈ ಕಡಿಮೆಯಾದದ್ದು ನಿಜ, ಅದನ್ನು ಮೆಚ್ಚಲೇಬೇಕು. ಆದರೆ ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಕಾಗುಣಿತ ಇದ್ದವರು ರೈತ ಸಂಪರ್ಕ ಕೇಂದ್ರ, ನಾಡ ಕಚೇರಿ, ಬ್ಯಾಂಕ್, ಗ್ರಾಮ ಒನ್ ಎಂದು ಸುತ್ತುತ್ತಲೇ ಇದ್ದಾರೆ. ಮೊದಲು ಲಂಚ ಕೇಳುವವನ ಮುಖವಾದರೂ ಎದುರಿಗಿತ್ತು. ಈಗ ‘ಸರ್ವರ್‌ನಲ್ಲಿ ತೋರಿಸ್ತಿಲ್ಲ’ ಎಂಬ ಮಾತಿಗೆ ಯಾರ ಜತೆ ಜಗಳವಾಡುವುದು?

ಇದಕ್ಕಿಂತ ಆಳದ ತೊಡಕು ಗೇಣಿಯದು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ದೇವರಾಜ ಅರಸರ ಆ ಕಾಯ್ದೆಯಿಂದ ಉಳುವವರು ಒಡೆಯರಾದರು. ಇಂದು ಕಿಸಾನ್ ಹಣ ಪಡೆಯುತ್ತಿರುವ ಎಷ್ಟೋ ಮನೆಗಳ ಪಹಣಿ ಹುಟ್ಟಿದ್ದೇ ಅಲ್ಲಿ. ಆದರೆ ಐವತ್ತು ವರ್ಷಗಳಲ್ಲಿ ಊರು ಬದಲಾಗಿದೆ. ಮಕ್ಕಳು ಬೆಂಗಳೂರು ಸೇರಿದ ಮನೆಯ ಹೊಲವನ್ನು ಪಕ್ಕದವನು ಪಾಲಿಗೆ ಮಾಡುತ್ತಾನೆ. ಈರುಳ್ಳಿ ಹಾಕುವವರು ವರ್ಷದ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾರೆ. ಕಾಯ್ದೆಯ ಪ್ರಕಾರ ಗೇಣಿಯೇ ಇಲ್ಲವಾದ್ದರಿಂದ ಈ ವ್ಯವಹಾರಕ್ಕೆ ಕಾಗದವಿಲ್ಲ. ಪಹಣಿಯ 12ನೇ ಕಲಮಿನಲ್ಲಿ ಸಾಗುವಳಿದಾರನ ಹೆಸರಿಗೊಂದು ಜಾಗವೇನೋ ಇದೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು ‘ಸ್ವಂತ’. ಪಾಲಿಗೆ ಮಾಡುವವನ ಹೆಸರು ಬರೆಸಿದರೆ ನಾಳೆ ಜಮೀನು ಕೈಬಿಟ್ಟೀತು ಎಂಬ ಭಯ ಒಡೆಯನಿಗೆ. ಬರ ಬಿದ್ದು ಈರುಳ್ಳಿ ಒಣಗಿದಾಗ ಬೀಜ, ಗೊಬ್ಬರ, ಕೂಲಿ ಕಳೆದುಕೊಂಡವನು ಒಬ್ಬ, ಪರಿಹಾರ ಜಮೆಯಾಗುವುದು ಇನ್ನೊಬ್ಬನ ಖಾತೆಗೆ. ಒಡೆಯ ಒಳ್ಳೆಯವನಾದರೆ ಹಂಚಿಕೊಳ್ಳುತ್ತಾನೆ. ಸರ್ಕಾರದ ಯೋಜನೆ ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಬೇರೆ ರಾಜ್ಯಗಳು ಇದಕ್ಕೆ ದಾರಿ ಹುಡುಕಿವೆ. ಆಂಧ್ರಪ್ರದೇಶ 2019ರಲ್ಲಿ ಕಾಯ್ದೆ ಮಾಡಿ, ಒಡೆತನಕ್ಕೆ ಧಕ್ಕೆಯಾಗದಂತೆ ಹನ್ನೊಂದು ತಿಂಗಳ ಸಾಗುವಳಿ ಹಕ್ಕಿನ ಕಾರ್ಡು ಕೊಡತೊಡಗಿತು. ಒಡಿಶಾದ ಕಾಲಿಯಾ ಯೋಜನೆ ಭೂಮಿ ಇಲ್ಲದ ಕೃಷಿ ಕುಟುಂಬಗಳನ್ನೂ ಒಳಗೆ ತಂದುಕೊಂಡಿತು. ಎರಡೂ ಕಡೆ ಲೋಪಗಳಿವೆ, ಕಾರ್ಡಿಗೆ ಒಡೆಯರು ಸಹಿ ಹಾಕದ ದೂರೂ ಇದೆ. ಕರ್ನಾಟಕ ಅಷ್ಟನ್ನೂ ಪ್ರಯತ್ನಿಸಿಲ್ಲ.

ಇನ್ನು ಕಾವಲಿನ ಜಮೀನು. ಮೈಸೂರು ದೊರೆಗಳ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಈ ಸೀಮೆಯುದ್ದಕ್ಕೂ ಹರಡಿದೆ. ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರವಿದೆ, ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲಾಯಿತು. ಕಾವಲು, ಗೋಮಾಳಗಳ ಅಂಚಿನಲ್ಲಿ ತಲೆಮಾರಿನಿಂದ ಉಳುತ್ತಿರುವವರು ಸಾಗುವಳಿ ಸಕ್ರಮಕ್ಕೆ ನಮೂನೆ 50, 53, 57 ಎಂದು ಅರ್ಜಿ ಹಾಕುತ್ತಲೇ ಬಂದಿದ್ದಾರೆ. ಹುಲ್ಲುಗಾವಲನ್ನು ಉಳಿಸಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ದನಕ್ಕೂ ಜಿಂಕೆಗೂ ಬೇರೆ ನೆಲೆಯಿಲ್ಲ. ಆದರೆ ಅರ್ಜಿಯನ್ನು ಹೌದು ಅಲ್ಲ ಎಂದು ತೀರ್ಮಾನಿಸದೆ ದಶಕಗಟ್ಟಲೆ ಇಟ್ಟುಕೊಳ್ಳುವುದು ಯಾವ ಆಡಳಿತ? ಅಲ್ಲಿಯವರೆಗೆ ಅವರಿಗೆ ಎಫ್‌ಐಡಿ ಇಲ್ಲ, ಕಿಸಾನ್ ಇಲ್ಲ, ಪರಿಹಾರ ಇಲ್ಲ.

ಬರ ಪರಿಹಾರದ ಕಥೆ ಇನ್ನೂ ವಿಚಿತ್ರ. ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಖುಷ್ಕಿಗೆ ಹೆಕ್ಟೇರ್‌ಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಎರಡು ಹೆಕ್ಟೇರ್ ಮಿತಿ. ಖುಷ್ಕಿಯ ಎಕರೆಗೆ ತಂದರೆ ಮೂರೂವರೆ ಸಾವಿರವೂ ಇಲ್ಲ. ಬೊಮ್ಮಾಯಿ ಸರ್ಕಾರ 2021ರ ಅತಿವೃಷ್ಟಿಯ ಹಾನಿಗೆ ಆಗಿದ್ದ ದರವನ್ನು ಇಮ್ಮಡಿಸಿ ಖುಷ್ಕಿಗೆ 13,600 ಕೊಟ್ಟಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ದರ 8,500ಕ್ಕೆ ಇಳಿಯಿತು. 2025ರ ಮಳೆ ಹಾನಿಗೆ ರಾಜ್ಯ ಮತ್ತೆ 8,500 ಸೇರಿಸಿ 17,000 ಎಂದಿತು. ಹೊಲ ಅದೇ, ರಾಗಿ ಅದೇ, ನಷ್ಟವೂ ಅದೇ. ಮಳೆ ಹೆಚ್ಚಾಗಿ ಹೋದ ಬೆಳೆಗೆ ಒಂದು ಬೆಲೆ, ಮಳೆ ಇಲ್ಲದೆ ಹೋದ ಬೆಳೆಗೆ ಇನ್ನೊಂದು. ಕಡೂರಿನಂಥ ಬಯಲಿಗೆ ಬರುವುದು ಬಹುಪಾಲು ಎರಡನೆಯ ಬಗೆಯ ಕಷ್ಟ.

2023ರ ಬರದ ಹಣ ಬಂದ ದಾರಿಯನ್ನೂ ನೆನೆಯಬೇಕು. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಉತ್ತರ ಬರದೆ, ರಾಜ್ಯ ಮೊದಲ ಕಂತೆಂದು ತಲಾ ಎರಡು ಸಾವಿರದವರೆಗೆ ತಾನೇ ಹಾಕಿತು. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಂದದ್ದು 3,454 ಕೋಟಿ. ಮುಂಗಾರಿನಲ್ಲಿ ಒಣಗಿದ ರಾಗಿಗೆ ಪರಿಹಾರ ಮುಟ್ಟುವ ಹೊತ್ತಿಗೆ ಮುಂದಿನ ಮುಂಗಾರಿನ ಉಳುಮೆ ಶುರುವಾಗಿತ್ತು. ಅದರಲ್ಲೂ ಬ್ಯಾಂಕುಗಳು ಸಾಲಕ್ಕೆ ಜಮೆ ಮಾಡಿಕೊಳ್ಳುತ್ತಿವೆ ಎಂಬ ದೂರು ಎದ್ದು, ಹಾಗೆ ಮಾಡಕೂಡದೆಂದು ಸರ್ಕಾರ ಸೂಚನೆ ಕೊಡಬೇಕಾಯಿತು.

ಬೆಳೆ ವಿಮೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾದಲ್ಲಿ ರೈತ ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ತೋಟಗಾರಿಕೆಗೆ ಶೇ 5. ಉಳಿದದ್ದು ಸರ್ಕಾರಗಳದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಇಲ್ಲ. ಆದರೆ ನಷ್ಟವನ್ನು ಅಳೆಯುವುದು ನಿಮ್ಮ ಹೊಲದಲ್ಲಲ್ಲ. ಗ್ರಾಮ ಪಂಚಾಯಿತಿಯನ್ನೋ ಹೋಬಳಿಯನ್ನೋ ಒಂದು ಘಟಕವಾಗಿ ಹಿಡಿದು, ಆರಿಸಿದ ಕೆಲವು ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಅಳೆಯುತ್ತಾರೆ. ಊರಿನ ಒಂದು ಮಗ್ಗುಲಿಗೆ ಮಳೆ ಬಿದ್ದು ಇನ್ನೊಂದು ಮಗ್ಗುಲು ಒಣಗುವುದು ಇಲ್ಲಿ ಮಾಮೂಲು. ಆ ಪ್ರಯೋಗ ಹಸಿರು ಮಗ್ಗುಲಲ್ಲಿ ನಡೆದರೆ ಒಣ ಮಗ್ಗುಲಿನವನ ಪ್ರೀಮಿಯಂ ಹೋದಂತೆಯೇ. ವಿಮೆ ಮಾಡಿಸಿದ್ದು ಈರುಳ್ಳಿಗೆ, ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿದ್ದು ಜೋಳ ಎಂದಾದರೆ ಅರ್ಜಿಯೇ ತಿರಸ್ಕೃತ. ಆದ್ದರಿಂದ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತಮ್ಮ ಹೊಲದ ಫೋಟೊ ತಾವೇ ಏರಿಸುವ ರೈತರು ಜಾಣರು.

ಬೆಂಬಲ ಬೆಲೆಯಲ್ಲಿ ಮಾತ್ರ ಈ ತಾಲ್ಲೂಕುಗಳಿಗೆ ನಿಜವಾದ ಲಾಭ ಸಿಕ್ಕಿದೆ. ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿ ಹಂಚಲು ಸರ್ಕಾರ ಕೊಳ್ಳತೊಡಗಿದ ಮೇಲೆ ವರ್ತಕರ ದರಕ್ಕೂ ಒಂದು ತಳಪಾಯ ಬಂತು. ಹಾಗೆ ಬಂದ ವಿಶ್ವಾಸಕ್ಕೆ ಪೆಟ್ಟು ಬಿದ್ದದ್ದು 2021-22ರಲ್ಲಿ. ರಾಗಿ ಚೆನ್ನಾಗಿ ಬೆಳೆದ ಆ ವರ್ಷವೇ ಸಣ್ಣ ರೈತರಿಂದ ಮಾತ್ರ, ತಲಾ ಇಪ್ಪತ್ತು ಕ್ವಿಂಟಲ್ ಮೀರದಂತೆ ಖರೀದಿ ಎಂದರು. ನೋಂದಣಿ ಮುಗಿದುಹೋಯಿತು, ಮನೆಯಲ್ಲಿ ಚೀಲ ಉಳಿಯಿತು, ರೈತರು ಬೀದಿಗಿಳಿದರು. ಬೆಳೆದದ್ದು ಹೆಚ್ಚಾದಾಗ ಕೊಳ್ಳುವುದು ಕಡಿಮೆ ಮಾಡುವುದಾದರೆ ಬೆಂಬಲ ಬೆಲೆ ಇರುವುದು ಯಾವ ದಿನಕ್ಕೆ? ಕೊಬ್ಬರಿಯದೂ ಹೆಚ್ಚುಕಡಿಮೆ ಇದೇ ಪಾಡು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇದ್ದಾಗ ತಿಪಟೂರು, ಅರಸೀಕೆರೆ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಾಟವಾಯಿತು. ನಾಫೆಡ್ ಕೇಂದ್ರದಲ್ಲಿ ನೋಂದಣಿ ಸಿಕ್ಕವರು ಗೆದ್ದರು. ಈರುಳ್ಳಿಗಂತೂ ಬೆಂಬಲ ಬೆಲೆಯೇ ಇಲ್ಲ. ಬೆಲೆ ಏರಿದಾಗ ರಫ್ತು ನಿಷೇಧ, ಬಿದ್ದಾಗ ಮೌನ.

ಈಗ ಮೊದಲು ಎತ್ತಿದ ಕರೆಂಟಿನ ಮಾತು. 2008ರಿಂದ ಹತ್ತು ಎಚ್.ಪಿ. ವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಪೂರ್ತಿ ಉಚಿತ. ಅದರ ಹಣವನ್ನು ಸರ್ಕಾರ ಎಸ್ಕಾಂಗಳಿಗೆ, ನಮ್ಮ ಜಿಲ್ಲೆಯ ಮಟ್ಟಿಗೆ ಮೆಸ್ಕಾಂಗೆ ತುಂಬಿಕೊಡುತ್ತದೆ. ರಾಜ್ಯದ ಒಟ್ಟು ಲೆಕ್ಕ ವರ್ಷಕ್ಕೆ ಹತ್ತು ಸಾವಿರ ಕೋಟಿ ದಾಟಿದೆ. ಒಂದು ಮೋಟರಿನ ಲೆಕ್ಕ ಮಾಡಿ ನೋಡಿ. ಏಳೂವರೆ ಎಚ್.ಪಿ. ಎಂದರೆ ಸುಮಾರು 5.6 ಕಿಲೋವ್ಯಾಟ್. ತ್ರೀ ಫೇಸ್ ಕೊಡುವ ಏಳು ಗಂಟೆ ಓಡಿದರೆ ದಿನಕ್ಕೆ 39 ಯೂನಿಟ್. ವರ್ಷದಲ್ಲಿ ನೂರೈವತ್ತು ದಿನ ಓಡಿತೆಂದರೆ 5,900 ಯೂನಿಟ್ ಆಸುಪಾಸು. ಯೂನಿಟ್ಟಿಗೆ ಆರೇ ರೂಪಾಯಿ ಹಿಡಿದರೂ 35,000 ರೂಪಾಯಿ ಆಯಿತು. ಪಕ್ಕದ ಹೊಲದಲ್ಲಿ ಮಳೆ ನಂಬಿ ರಾಗಿ ಬಿತ್ತಿದವನಿಗೆ ಸಿಗುವುದು ಆರು ಸಾವಿರ. ನೀರು ಸಿಕ್ಕವನಿಗೆ ಆ ಆರು ಸಾವಿರದ ಜತೆಗೆ ಈ ಮೂವತ್ತೈದು. ಅವನು ಅಡಿಕೆ ಹಾಕುತ್ತಾನೆ, ಹನಿ ನೀರಾವರಿಗೆ ಎರಡು ಹೆಕ್ಟೇರ್‌ವರೆಗೆ ಶೇ 90ರಷ್ಟು ಸಹಾಯಧನ ಪಡೆಯುತ್ತಾನೆ, ಗೊಬ್ಬರ ಹೆಚ್ಚು ಬಳಸುವುದರಿಂದ 266 ರೂಪಾಯಿ ಚಿಲ್ಲರೆಗೆ ಸಿಗುವ ಯೂರಿಯಾ ಚೀಲದ ಹಿಂದಿರುವ ಹಲವು ಪಟ್ಟು ದೊಡ್ಡ ಸಬ್ಸಿಡಿಯ ಪಾಲನ್ನೂ ಹೆಚ್ಚು ಪಡೆಯುತ್ತಾನೆ. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲವೂ ಜಮೀನಿಗೆ, ಬೆಳೆಗೆ ತಕ್ಕಂತೆ. ಮಿತಿ 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಖುಷ್ಕಿಯ ಎರಡು ಎಕರೆಗೆ ಐದು ಲಕ್ಷ ಯಾರೂ ಕೊಡುವುದಿಲ್ಲ.

ತೋಟದವರನ್ನು ದೂರುವ ಉದ್ದೇಶ ನನಗಿಲ್ಲ. ಸಾವಿರ ಅಡಿ ಕೊರೆಸಿ ಧೂಳು ಕಂಡವರು, ಮೂರನೇ ಬೋರಿಗೆ ಹೆಂಡತಿಯ ಒಡವೆ ಇಟ್ಟವರು ಅವರಲ್ಲೂ ಇದ್ದಾರೆ. ಆದರೆ ಕಡೂರು ತಾಲ್ಲೂಕು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿದೆ. ಇನ್ನೂ ಆಳಕ್ಕೆ ಇಳಿಯುವವನಿಗೆ ಹೆಚ್ಚು ಕರೆಂಟು, ಹೆಚ್ಚು ಸಬ್ಸಿಡಿ. ಮಳೆ ನೀರನ್ನೇ ನೆಚ್ಚಿ ರಾಗಿ, ಸಾವೆ ಬೆಳೆಯುವವನು ಅಂತರ್ಜಲದ ಒಂದು ಹನಿಯನ್ನೂ ಮುಟ್ಟದೆ ಊರಿಗೆ ಉಪಕಾರ ಮಾಡುತ್ತಿದ್ದಾನೆ. ಅವನಿಗೇ ಕಡಿಮೆ. ಸಿರಿಧಾನ್ಯಕ್ಕೆ ಹೆಕ್ಟೇರ್‌ಗೆ ಹತ್ತು ಸಾವಿರ ಕೊಡುವ ರೈತ ಸಿರಿ, ಕೃಷಿ ಹೊಂಡಕ್ಕೆ ನೆರವಾಗುವ 2014ರ ಕೃಷಿ ಭಾಗ್ಯ, ಇವೆರಡೂ ಸರಿಯಾದ ದಿಕ್ಕಿನವು. ಕರೆಂಟಿನ ಮೊತ್ತದ ಪಕ್ಕದಲ್ಲಿ ಇವುಗಳ ಗಾತ್ರ ಮಾತ್ರ ತೀರ ಸಣ್ಣದು. ಕೃಷಿ ಭಾಗ್ಯವನ್ನು 2023ರಲ್ಲಿ ಮತ್ತೆ ಜೀವಂತಗೊಳಿಸಿದಾಗ ಇಡೀ ರಾಜ್ಯಕ್ಕೆ ಇಟ್ಟದ್ದು ನೂರು ಕೋಟಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿ ಗುಡ್ಡ ಕೊರೆದು ಸುಮಾರು ಏಳು ಕಿಲೋಮೀಟರ್ ಸುರಂಗ ಮಾಡಿದ್ದಾರೆ. ಕೆರೆಗಳು ತುಂಬಿದರೆ ಲೆಕ್ಕ ಬದಲಾದೀತು. ಕೇಂದ್ರ 2023-24ರ ಬಜೆಟ್‌ನಲ್ಲಿ ಹೇಳಿದ 5,300 ಕೋಟಿ ಬಂದಿಲ್ಲವೆಂದು ರಾಜ್ಯ ದೂರುತ್ತಲೇ ಇದೆ.

ಇಷ್ಟೆಲ್ಲದರ ನಡುವೆ ಪಹಣಿ ಕೇಳದ ಸಹಾಯಧನ ಒಂದಿದೆ: ಹಾಲಿನ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ ಎರಡು ರೂಪಾಯಿಯಿಂದ ಶುರುವಾಗಿ ಐದು ರೂಪಾಯಿಗೆ ಬಂದು ನಿಂತಿದೆ. ಹಾಸನ ಹಾಲು ಒಕ್ಕೂಟಕ್ಕೆ ಸೇರಿದ ಹಳ್ಳಿ ಡೇರಿಯಲ್ಲಿ ಹಾಲು ಅಳೆದವರಿಗೆ ಹಣ. ಬದುವಿನ ಹುಲ್ಲು ಕೊಯ್ದು ಒಂದು ಹಸು ಸಾಕಿದ, ಗೇಣು ನೆಲವೂ ಇಲ್ಲದ ಹೆಣ್ಣುಮಗಳ ಖಾತೆಗೂ ಅದು ಬರುತ್ತದೆ. ದಿನಕ್ಕೆ ಎಂಟು ಲೀಟರ್ ಹಾಕಿದರೆ ತಿಂಗಳಿಗೆ 1,200 ರೂಪಾಯಿ. ಅಂದರೆ ಐದು ತಿಂಗಳಲ್ಲಿ ಕಿಸಾನ್ ಹಣದ ಒಂದು ವರ್ಷದ ಮೊತ್ತ. ಆಗಾಗ ತಿಂಗಳುಗಟ್ಟಲೆ ಬಾಕಿ ಉಳಿಸುತ್ತಾರೆ, ಅದು ಬೇರೆ ಮಾತು. ಆದರೂ ದುಡಿಮೆಯನ್ನು ಅಳೆದು ಹಣ ಕೊಡುವುದು ಸಾಧ್ಯ ಎಂಬುದಕ್ಕೆ ಬೇರೆ ದೇಶದ ಉದಾಹರಣೆ ಬೇಕಿಲ್ಲ. ನಮ್ಮೂರಿನ ಡೇರಿಯೇ ಸಾಕು.

ಹೊಲಕ್ಕೂ ಇದೇ ನ್ಯಾಯ ತರಬಹುದು. ಬೆಳೆ ಸಮೀಕ್ಷೆಗೆ ಪ್ರತಿ ಸರ್ವೆ ನಂಬರಿಗೂ ಜನ ಹೋಗಿ ಫೋಟೊ ತೆಗೆಯುತ್ತಾರೆ. ಯಾವ ಬೆಳೆ ಎಂದು ಕೇಳುವಾಗಲೇ ಯಾರು ಬೆಳೆದದ್ದು ಎಂದೂ ಕೇಳಿ ಬರೆದುಕೊಳ್ಳಲಿ. ಅದು ಒಡೆತನದ ಹಕ್ಕಿಗೆ ಸಾಕ್ಷಿಯಾಗದು, ಆ ಹಂಗಾಮಿನ ಪರಿಹಾರ ಮತ್ತು ವಿಮೆಗೆ ಮಾತ್ರ ಎಂದು ಕಾಯ್ದೆಯಲ್ಲಿ ಸ್ಪಷ್ಟ ಮಾಡಲಿ. ಖುಷ್ಕಿ ಬೆಳೆಯುವವನಿಗೆ, ಅವನು ಉಳಿಸಿದ ನೀರಿನ ಲೆಕ್ಕದಲ್ಲಾದರೂ, ಎಕರೆಗಿಷ್ಟು ಎಂದು ಕರೆಂಟಿನ ಮೊತ್ತದಲ್ಲಿ ಒಂದು ಪಾಲು ಎತ್ತಿಡಲಿ. ಬರ ಪರಿಹಾರದ ದರ ಪ್ರತಿ ವರ್ಷ ಸರ್ಕಾರದ ಮರ್ಜಿಗೆ ಬಿಡದೆ ಬೆಂಬಲ ಬೆಲೆಯ ಜತೆ ತಾನಾಗಿ ಏರುವಂತಾಗಲಿ.

ಇವು ವಿಧಾನಸೌಧದಲ್ಲಿ ಆಗಬೇಕಾದವು. ಊರಿನಲ್ಲೇ ಆಗಬಹುದಾದದ್ದೂ ಇದೆ. ಪಿಎಂ-ಕಿಸಾನ್ ಫಲಾನುಭವಿಗಳ ಪಟ್ಟಿ ಗ್ರಾಮವಾರು ಎಲ್ಲರಿಗೂ ಮುಕ್ತವಾಗಿದೆ. ನರೇಗಾ ಕೆಲಸಕ್ಕೆ ಸಾಮಾಜಿಕ ಪರಿಶೋಧನೆ ನಡೆಸಿದ ಹಳ್ಳಿಗಳಲ್ಲಿ ಈ ಪಟ್ಟಿಯನ್ನು, ಪರಿಹಾರದ ಪಟ್ಟಿಯನ್ನು, ಬೆಳೆ ಕಟಾವಿನ ಇಳುವರಿಯನ್ನು ಗ್ರಾಮಸಭೆಯಲ್ಲಿ ಜೋರಾಗಿ ಓದಿಸಿ. ಯಾರ ಹೆಸರು ಬಿಟ್ಟಿದೆ, ಯಾರದು ಸೇರಬಾರದಿತ್ತು ಎಂಬುದು ಕಂಪ್ಯೂಟರಿಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ. ಮತ್ತೆ, ನಿಮ್ಮ ಮನೆಯ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಮಾತಾಡಿ, ಮುಂದಿನ ಮುಂಗಾರಿಗೆ ಮುಂಚೆ ನಾಡ ಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ.